ಸ್ಟೆಪ್ನಿ ತಿರುಗಿದ ದಿನ

ನಮ್ಮ ಊರಿನಲ್ಲಿ ಕಾರು ಸದ್ದು ಮಾಡಿದರೆ ಯಾರೂ ಬಗ್ಗಿ ಗಾಲಿ ನೋಡುವುದಿಲ್ಲ, ಒಳಗೆ ಕೂತವರ ಮುಖ ನೋಡುತ್ತಾರೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡರೆ ಅದು ಹೊಟ್ಟೆಗೆ ಹೋಗುವುದು ಬೇರೆ ಊರುಗಳಲ್ಲಿ. ನಮ್ಮಲ್ಲಿ ಅದು ಸೀಟಿನಿಂದ ಇಳಿದು ಗಾಲಿ ಸೇರುತ್ತದೆ. ಮುಂದೆ ಎಡಗಡೆ ಕೂತವರದು ಮುಂದಿನ ಎಡಗಾಲಿಗೆ, ಹಿಂದೆ ಬಲಗಡೆ ಕೂತವರದು ಹಿಂದಿನ ಬಲಗಾಲಿಗೆ. ಯಾರಿಗೆ ಹೇಳಬೇಕೋ ಅವರಿಗೆ ಹೇಳಿಬಿಟ್ಟರೆ ಸದ್ದು ನಿಲ್ಲುತ್ತದೆ. ಹೀಗಾಗಿ ನಮ್ಮ ತಹಸೀಲ್ದಾರರು ಸರ್ಕಾರ ಕೊಟ್ಟ ಜೀಪನ್ನು ಕಚೇರಿ ಮುಂದೆ ನಿಲ್ಲಿಸಿ ಊರೆಲ್ಲ ನಡೆದೇ ಓಡಾಡುತ್ತಾರೆ. ಆರೋಗ್ಯಕ್ಕೆ ಒಳ್ಳೆಯದಂತೆ. ಪುರಸಭೆ ಅಧ್ಯಕ್ಷರು ಸೈಕಲ್ ಹತ್ತಿ ನೋಡಿದರು. ಸೈಕಲ್ಲಿಗೂ ಗಾಲಿ ಇರುತ್ತದೆ ಎಂಬುದು ಮಾರ್ಕೆಟ್ ಸರ್ಕಲ್ಲಿನಲ್ಲಿ ಜನರೆಲ್ಲ ತಿರುಗಿ ನೋಡಿದಾಗ ಅವರಿಗೆ ಹೊಳೆಯಿತು. ಊರಿನ ಬಸ್ಸಿಗೆ ಹಾರನ್ನೇ ಇಲ್ಲ, ಅದರ ಅಗತ್ಯ ಯಾವತ್ತೂ ಬಿದ್ದಿಲ್ಲ.

ಇಂಥ ಊರಿನಲ್ಲಿ ಮೆಕ್ಯಾನಿಕ್ಕುಗಳಿಗೆ ಏನು ಕೆಲಸ? ಅವರ ಜಾಗದಲ್ಲಿ ಕಿವಿಯವರಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಾರಿನೊಳಗೆ ತಲೆ ಬಗ್ಗಿಸಿ ಕೂತು, ಯಾವ ಗಾಲಿಯ ಸದ್ದು, ಯಾರ ಮಾತು ಎಂದು ಹೇಳುವುದು ಅವರ ಕಸುಬು. ನಟ್ಟು ಬಿಗಿಯುವ ಪಾನಾ ಮುಟ್ಟಿದರೆ ಅವರಿಗೆ ಮೈಲಿಗೆ. ಅವರಲ್ಲಿ ಕಿವಿ ಕೆಂಚಪ್ಪನದು ದೊಡ್ಡ ಹೆಸರು. ಲಟಕ್ ಲಟಕ್ ಅಂದರೆ ಹಳೆಯ ಪ್ರೇಮ, ಕೊರ್ ಅಂದರೆ ಆಸ್ತಿಯ ವಿಷಯ, ಕೀಚ್ ಅಂದರೆ ಮುಚ್ಚಿಟ್ಟ ಕಾಯಿಲೆ. ತಿರುವಿನಲ್ಲಿ ಜೋರಾದರೆ ಈಚಿನದು, ಬ್ರೇಕ್ ಒತ್ತಿದಾಗ ಜೋರಾದರೆ ಹಳೆಯದು. ಇದನ್ನೆಲ್ಲ ಆತ ಎಲ್ಲಿ ಕಲಿತ ಎಂದು ಕೇಳಿದವರಿಲ್ಲ. ನಮ್ಮ ಊರಿನಲ್ಲಿ ಗಟ್ಟಿಯಾಗಿ ಹೇಳುವವರನ್ನು ಯಾರೂ ಏನನ್ನೂ ಕೇಳುವುದಿಲ್ಲ.

ಹಿಂದಿನ ಸೀಟಿನ ನಡುವೆ ಕೂತವರ ಮಾತು ಎಲ್ಲಿಗೆ ಹೋಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ. ಸ್ಟೆಪ್ನಿ ತಿರುಗುವುದಿಲ್ಲ, ಸದ್ದೂ ಇಲ್ಲ. ಅದಕ್ಕೇ ಕಿವಿಯವರು ಕೂರುವುದು ಅಲ್ಲಿ; ತಮ್ಮದು ಗಿರಾಕಿಗಳದ್ದರ ಜೊತೆ ಬೆರೆಯಬಾರದಂತೆ. ನಾನು ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿ ಇಟ್ಟವಳು. ಯಾವ ಮನೆಯ ಕಾರು ಬರಲಿ, ಹಿಂದಿನ ಸೀಟಿನ ನಡುಭಾಗ ಎಲ್ಲಕ್ಕಿಂತ ಮೊದಲು ಸವೆದಿರುತ್ತದೆ. ಯಾಕೆ ಎಂದು ನಾನು ತಲೆ ಕೆಡಿಸಿಕೊಂಡವಳಲ್ಲ. ತೇಪೆ ಹಾಕಿ ಕಳಿಸುತ್ತಿದ್ದೆ.

ಈಗ ನನ್ನ ಮದುವೆಯ ವಿಷಯಕ್ಕೆ ಬರುತ್ತೇನೆ. ಜಾತಕ ಕೂಡಿದರೂ, ಹುಡುಗ ಹುಡುಗಿ ಒಪ್ಪಿದರೂ, ಗಾಲಿ ಕೇಳುವ ಶಾಸ್ತ್ರ ಆಗದೆ ನಮ್ಮಲ್ಲಿ ತಾಂಬೂಲ ಬದಲಾಯಿಸುವುದಿಲ್ಲ. ಹುಡುಗಿಯ ಮನೆಯ ಕಾರು. ಹುಡುಗಿಯ ತಂದೆ ಓಡಿಸಬೇಕು, ಪಕ್ಕದಲ್ಲಿ ಹುಡುಗನ ತಾಯಿ, ಹಿಂದೆ ಬಲಗಡೆ ಹುಡುಗ, ಎಡಗಡೆ ಹುಡುಗಿ, ನಡುವೆ ಕಿವಿಯವರು. ಕೆರೆ ಏರಿಯ ಮೇಲೆ ಹೋಗಿ ಒಂದು ಸುತ್ತು ಹಾಕಿ ಬರಬೇಕು. ಸದ್ದಿಲ್ಲದೆ ಬಂದರೆ ಹುಡುಗಿಯ ತಾಯಿ ಗೇಟಿನಲ್ಲಿ ಆರತಿ ಎತ್ತುತ್ತಾಳೆ, ಇಲ್ಲವಾದರೆ ಆರತಿ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗುತ್ತಾಳೆ.

ನನ್ನ ಅಮ್ಮ ಎರಡು ಸಲ ತಟ್ಟೆ ಒಳಗೆ ತೆಗೆದುಕೊಂಡು ಹೋಗಿದ್ದಳು. ಮೊದಲನೆಯ ಸಲ ಹುಡುಗನ ಗಾಲಿಯೇ ಕೂಗಿ, ಅವನು ಇನ್ನೊಬ್ಬಳನ್ನು ಪ್ರೀತಿಸುತ್ತಿದ್ದೇನೆಂದು ಅತ್ತ. ಅವರ ಮದುವೆಯ ಊಟ ಚೆನ್ನಾಗಿತ್ತು. ಎರಡನೆಯ ಸಲ ನನ್ನ ಗಾಲಿಯೆಂದು ಕೆಂಚಪ್ಪ ಹೇಳಿದ. ಹುಡುಗ ತನ್ನ ಸಾಧನೆಗಳನ್ನು ಹೇಳುತ್ತಿದ್ದಾಗ ನನಗೆ ನಿದ್ದೆ ಬಂದಿತ್ತೆಂದು ನಾನು ಪ್ರಾಮಾಣಿಕವಾಗಿ ಒಪ್ಪಿಕೊಂಡೆ. ಪ್ರಾಮಾಣಿಕತೆಗೆ ನಮ್ಮ ಊರಿನಲ್ಲಿ ಎಷ್ಟು ಗೌರವವಿದೆ ಎಂದರೆ, ಆ ಮನೆಯವರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಯಾರ ಗಾಲಿಯೇ ಆಗಲಿ, ಮೂರನೆಯ ಸಲವೂ ಕೂಗಿದರೆ ಆ ಹುಡುಗಿಗೆ ಯಾವ ಕಿವಿಯವರೂ ಮತ್ತೆ ಕೂರುವುದಿಲ್ಲ. ಅಲ್ಲಿಗೆ ಅವಳ ಕತೆ ಮುಗಿಯಿತು.

ಮುಗಿದರೆ ಮುಗಿಯಲಿ ಎನ್ನುವ ಹಾಗೂ ಇರಲಿಲ್ಲ. ಮೂರನೆಯವನು ಚಂದ್ರಮೌಳಿ, ಊರಿನ ನೀರಿನ ವಾಲ್ವು ತಿರುಗಿಸುವ ಕೆಲಸದವನು. ಹೆಣ್ಣು ನೋಡಲು ಬರುವ ಮುಂಚೆ ಸೀಟು ಕವರಿನ ನೆಪ ಹೇಳಿ ನನ್ನ ಅಂಗಡಿಗೆ ಬಂದು, ಕವರಿನ ಬಗ್ಗೆ ಒಂದು ಮಾತೂ ಕೇಳದೆ, ನನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಹೋಗಿದ್ದ. ಮೆತ್ತಗಿನ ಮನುಷ್ಯ. ಬಾಯಿ ಬಿಡುವ ಮೊದಲು ನಾಲ್ಕು ಸಲ ಯೋಚಿಸಿ ಐದನೆಯ ಸಲಕ್ಕೆ ಬೇಡವೆಂದು ಸುಮ್ಮನಾಗುವ ಜಾತಿ. ನನಗೆ ಅವನು ಬೇಕಾಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವನಿಗಂತೂ ಮೊದಲೇ ಇಲ್ಲ.

ನಮ್ಮ ಕಾರಿನ ಬಗ್ಗೆ ಅಪ್ಪನಿಗೆ ಬಹಳ ಜಂಬ. ಅಪ್ಪ ಅಂದರೆ ಶಿವರುದ್ರಯ್ಯ, ಕಂಚು ಹಿತ್ತಾಳೆ ಪಾತ್ರೆ ಅಂಗಡಿಯ ಯಜಮಾನ. "ಆ ಎರಡು ಶಾಸ್ತ್ರ ಬಿಟ್ರೆ ಇಷ್ಟು ವರ್ಷದಲ್ಲಿ ನಮ್ಮನೆ ಕಾರು ತುಟಿ ಪಿಟಕ್ ಅಂದಿಲ್ಲ. ನಮ್ಮನೇಲಿ ಮುಚ್ಚುಮರೆ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮುಚ್ಚುಮರೆ ಇರಲಿಲ್ಲ ಎಂಬುದು ನಿಜ. ಅಪ್ಪ ಓಡಿಸುತ್ತ ತನಗೆ ತೋಚಿದ್ದನ್ನೆಲ್ಲ ಹೇಳುತ್ತಿದ್ದ, ಪಕ್ಕದಲ್ಲಿ ಅಜ್ಜಿ ಅದಕ್ಕಿಂತ ಜೋರಾಗಿ ಹೇಳುತ್ತಿದ್ದಳು, ಹಿಂದೆ ಒಂದು ಕಿಟಕಿಯಲ್ಲಿ ಸೋದರತ್ತೆ, ಇನ್ನೊಂದು ಕಿಟಕಿಯಲ್ಲಿ ನಾನು. ನಮ್ಮಿಬ್ಬರಿಗೂ ಬಾಯಿ ದೇವರು ಧಾರಾಳವಾಗಿ ಕೊಟ್ಟಿದ್ದ. ಅಮ್ಮ ನಡುವೆ ಕೂರುತ್ತಿದ್ದಳು. ಸಣ್ಣ ಮೈಯವಳು, ಹೇಗೋ ಹೊಂದಿಕೊಳ್ಳುತ್ತಾಳೆ ಎಂದು ಮದುವೆಯಾಗಿ ಬಂದ ದಿನವೇ ಅಜ್ಜಿ ಅಲ್ಲಿ ಕೂರಿಸಿದ್ದಳಂತೆ. ಅಜ್ಜಿ ತೀರಿಕೊಂಡು, ಸೋದರತ್ತೆ ಮಗನ ಮನೆಗೆ ಹೋಗಿ, ಕಾರೆಲ್ಲ ಖಾಲಿಯಾದ ಮೇಲೂ ಅಮ್ಮ ಅಲ್ಲೇ ಕೂರುತ್ತಿದ್ದಳು.

ಕಾರಿಗೆ ಬೇಕಾದದ್ದು ತೊಳೆಯುವುದು ಮತ್ತು ಆಯುಧಪೂಜೆ, ಇವೆರಡೇ ಎಂದು ಅಪ್ಪ ನಂಬಿದ್ದ. ಕಾರು ಕೊಂಡಾಗ ಬಂದ ಸ್ಟೆಪ್ನಿ ಇನ್ನೂ ನೆಲ ಮುಟ್ಟಿರಲಿಲ್ಲ. ಪ್ರತಿ ವರ್ಷ ಅದಕ್ಕೆ ಗಾಳಿ ತುಂಬಿಸಿ, ಕುಂಕುಮ ಹಚ್ಚಿ, ಮತ್ತೆ ಒಳಗೆ ಮಲಗಿಸುತ್ತಿದ್ದ. ಶಾಸ್ತ್ರದ ಹಿಂದಿನ ದಿನ ಹಿಂದಿನ ಎಡಗಾಲಿ ಪಂಕ್ಚರಾಯಿತು. ಆಗಲೂ ಸ್ಟೆಪ್ನಿ ಮುಟ್ಟದೆ, ಗಾಲಿ ಬಿಚ್ಚಿ ತೆಗೆದುಕೊಂಡು ಹೋಗಿ ತೇಪೆ ಹಾಕಿಸಿ ತಂದು, ನಟ್ಟುಗಳನ್ನು ತಾನೇ ಕೈಯಿಂದ ತಿರುಗಿಸಿ ಕೂರಿಸಿದ. ಪಾನಾ ಇತ್ತು. ಗಾಲಿ ಬಿಚ್ಚಿದ ಮೇಲೆ ಅದು ತೆಂಗಿನಕಾಯಿ ಒಡೆಯಲು ಮತ್ತೆ ಅಡುಗೆಮನೆ ಸೇರಿತ್ತು, ಅಮ್ಮ ಮರುದಿನದ ಹೋಳಿಗೆಗೆ ಕಾಯಿ ಒಡೆಯುತ್ತಿದ್ದಳು.

ಮರುದಿನ ಹೊರಟೆವು. ಹುಡುಗನ ತಾಯಿ ಸರ್ವಮಂಗಳಮ್ಮ ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತರು. ಕೆಂಚಪ್ಪ ನನ್ನ ಮತ್ತು ಚಂದ್ರಮೌಳಿಯ ನಡುವೆ ತಲೆ ಬಗ್ಗಿಸಿ ಕಣ್ಣು ಮುಚ್ಚಿದ. ಅಂಗಡಿ ಬೀದಿ ದಾಟುವವರೆಗೂ ಎಲ್ಲ ಸರಿಯಿತ್ತು. ಕೆರೆ ಏರಿ ಹತ್ತುತ್ತಿದ್ದಂತೆ ನನ್ನ ಕಡೆಯಿಂದ ಶುರುವಾಯಿತು. ಲಟಕ್. ಲಟಕ್. ಲಟಕ್.

ಸರ್ವಮಂಗಳಮ್ಮ ತಿರುಗಿ ನೋಡಿದರು. ಕೆಂಚಪ್ಪ ಕಣ್ಣು ತೆರೆಯದೆ ಕೈ ಎತ್ತಿದ. "ಯಜಮಾನ್ರೇ, ಸ್ವಲ್ಪ ಬಲಕ್ಕೆ ತಿರುಗಿಸಿ." ಅಪ್ಪ ತಿರುಗಿಸಿದ. ಸದ್ದು ಜೋರಾಯಿತು. "ಬ್ರೇಕು ಹಾಕಿ." ಅಪ್ಪ ಹಾಕಿದ. ಇನ್ನೂ ಜೋರಾಯಿತು. "ಹಿಂದಿನ ಎಡಗಾಲಿ. ಹಳೇದೂ ಇದೆ, ಹೊಸದೂ ಇದೆ" ಎಂದ ಕೆಂಚಪ್ಪ, ವೈದ್ಯರು ಕೆಟ್ಟ ಸುದ್ದಿ ಹೇಳುವ ಧ್ವನಿಯಲ್ಲಿ. "ಹೇಳಿಬಿಡಮ್ಮ. ಹೊಟ್ಟೇಲಿ ಇಟ್ಕೊಂಡ್ರೆ ಕಾರಿಗೂ ಒಳ್ಳೇದಲ್ಲ."

"ಏನೂ ಇಲ್ಲ" ಎಂದೆ. ಲಟಕ್ ಎಂದಿತು ಗಾಲಿ.

"ಪ್ರೇಮ ಗೀಮ ಇದ್ರೆ ಈಗ್ಲೇ ಹೇಳಿಬಿಡು ತಾಯಿ" ಎಂದರು ಸರ್ವಮಂಗಳಮ್ಮ. "ನಾವೇನು ಹಳೇ ಕಾಲದೋರಲ್ಲ. ಹೇಳಿದ್ರೆ ಗೌರವವಾಗಿ ಇಳಿದು ಮನೆಗೆ ಹೋಗ್ತೀವಿ."

ಏನಾದರೂ ಹೇಳಿ ಈ ಸದ್ದು ನಿಲ್ಲಿಸಬೇಕಿತ್ತು. ಹೆಣ್ಣು ನೋಡಲು ಬಂದ ದಿನ ಹಾಡು ಬರುತ್ತದೆ ಎಂದಿದ್ದು ಸುಳ್ಳು ಎಂದೆ. ಲಟಕ್. ಅವತ್ತು ಕೊಟ್ಟ ಚಕ್ಕುಲಿ ನಾನು ಮಾಡಿದ್ದಲ್ಲ, ಬೇಕರಿಯದು ಎಂದೆ. ಲಟಕ್. ಜಾತಕದಲ್ಲಿ ಎರಡು ವರ್ಷ ಕಮ್ಮಿ ಹಾಕಿಸಿದ್ದೇವೆ ಎಂದೆ. ಅಪ್ಪ ಸ್ಟೀರಿಂಗ್ ಬಿಟ್ಟು ಹಣೆ ಮುಟ್ಟಿಕೊಂಡ. ಸರ್ವಮಂಗಳಮ್ಮ "ನಾವೂ ಒಂದು ವರ್ಷ ಕಮ್ಮಿ ಹಾಕ್ಸಿದೀವಿ" ಎಂದು ಗೊಣಗಿದರು, ಮುಂದಿನ ಗಾಲಿಗೆ ಏನೂ ಇಳಿಯಬಾರದು ಎಂಬ ಭಯಕ್ಕೆ. ಲಟಕ್ ಲಟಕ್ ನಿಲ್ಲಲಿಲ್ಲ, ಲಟಲಟ ಎಂದು ಓಡತೊಡಗಿತು. ಕಾರು ಅಲ್ಲಾಡುತ್ತಿತ್ತು.

"ಬಹಳ ದೊಡ್ಡ ವಿಷಯ" ಎಂದ ಕೆಂಚಪ್ಪ. "ಇಂಥಾ ಕಂಪನ ನಾನು ಕಂಡೇ ಇಲ್ಲ. ಇದು ಬರೀ ಮಾತಲ್ಲ, ಪಾಪ."

ಆಗ ನನಗೆ ನಿಜವಾಗಿಯೂ ಅನ್ನಿಸಿತು, ಇದು ಅದೇ ಇರಬೇಕು ಎಂದು. ನಾನು ನುಂಗಿಕೊಂಡಿದ್ದ ದೊಡ್ಡ ಮಾತು ಒಂದೇ ಇತ್ತು. ಹುಡುಗಿಯಾದವಳು ಭಾವಿ ಅತ್ತೆಯ ಬೆನ್ನ ಹಿಂದೆ ಕೂತು ಅದನ್ನು ಹೇಳುವುದುಂಟೇ? ಹೇಳದಿದ್ದರೆ ಅವನು ಈ ಕಾರಿನಿಂದ ಇಳಿದು ಹೋಗುತ್ತಾನೆ, ಅಷ್ಟೇ. ನಾನು ಕೆಂಚಪ್ಪನ ಬಗ್ಗಿದ ತಲೆಯ ಮೇಲಿಂದ ಚಂದ್ರಮೌಳಿಯ ಕಡೆ ನೋಡಿ ಕೂಗಿದೆ: "ನನಗೆ ನೀವು ಇಷ್ಟ! ಎಣ್ಣೆ ಬಿಟ್ಟು ಹೋದ ದಿನದಿಂದ ಇಷ್ಟ! ಈ ಸಂಬಂಧ ತಪ್ಪಿದ್ರೆ ನಾನು ಅಳ್ತೀನಿ, ಸಾಕಾ?"

ಸದ್ದು ನಿಂತಿತು. ಕಾರಿನೊಳಗೆ ಎಲ್ಲರೂ ಉಸಿರು ಬಿಟ್ಟರು. ಸರ್ವಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಕೆಂಚಪ್ಪ ಕಣ್ಣು ತೆರೆದು "ನಾನು ಹೇಳ್ಲಿಲ್ವಾ, ಪ್ರೇಮ ಅಂತ" ಎಂದ. ಅಷ್ಟರಲ್ಲಿ ಒಂದು ಗಾಲಿ ನಮ್ಮ ಪಕ್ಕದಲ್ಲೇ ಉರುಳಿಕೊಂಡು ಬಂದು, ನಮ್ಮನ್ನು ದಾಟಿ, ಏರಿಯ ಇಳಿಜಾರಿನಲ್ಲಿ ಕುಣಿಯುತ್ತ ಹೋಗಿ ಕೆರೆಯಲ್ಲಿ ಬಿದ್ದಿತು. ಅದು ಯಾರ ಗಾಲಿ ಎಂದು ನಾವು ಯೋಚಿಸುತ್ತಿರುವಾಗಲೇ ಕಾರು ನನ್ನ ಕಡೆಗೆ ಧಡ್ ಎಂದು ಕೂತಿತು.

ಯಾರಿಗೂ ಏನೂ ಆಗಲಿಲ್ಲ. ಇಳಿದು ನೋಡಿದರೆ ಗಾಲಿ ಇದ್ದ ಜಾಗದಲ್ಲಿ ಒಂದು ನಟ್ಟೂ ಇರಲಿಲ್ಲ. ಚಂದ್ರಮೌಳಿ ಬಗ್ಗಿ ನೋಡಿ, "ನಟ್ಟು ಬಿಗಿ ಮಾಡಿರ್ಲಿಲ್ಲ ಅನ್ಸುತ್ತೆ" ಎಂದ. ಅವತ್ತು ಅವನು ಆಡಿದ ಮೊದಲ ಮಾತು. ನಟ್ಟು ಸಡಿಲವಾಗಿ ಸದ್ದು ಬರಬಹುದು ಎಂಬುದು ನಮ್ಮ ಊರಿನಲ್ಲಿ ಯಾರ ತಲೆಗೂ ಹೋಗುವ ವಿಷಯವಲ್ಲ. ಅಪ್ಪ ನೆಲ ನೋಡಿದ. ನಾನು ಚಕ್ಕುಲಿಯಿಂದ ಹಿಡಿದು ಮಾನದವರೆಗೆ ಒಪ್ಪಿಸಿದ್ದು ನಾಲ್ಕು ನಟ್ಟುಗಳ ಮುಂದೆ ಎಂದು ತಿಳಿದು ನನಗೆ ಕೆರೆಗೆ ಹಾರಬೇಕು ಅನ್ನಿಸಿತು. ಅಲ್ಲಿ ಈಗಾಗಲೇ ಗಾಲಿ ಇತ್ತು.

ಕೆಂಚಪ್ಪ ಮಾತ್ರ ಅಲ್ಲಾಡಲಿಲ್ಲ. "ನೋಡಿ, ಮಾತಿನ ಭಾರಕ್ಕೆ ನಟ್ಟೇ ಕಿತ್ಕೊಂಡು ಹೋಗಿದೆ" ಎಂದ.

ಬೇರೆ ದಾರಿಯಿಲ್ಲದೆ ಅಪ್ಪ ಡಿಕ್ಕಿ ತೆಗೆದು, ಕುಂಕುಮ ಹಚ್ಚಿದ ಸ್ಟೆಪ್ನಿಯನ್ನು ಹೊರಗೆ ಎತ್ತಿದ. ಚಂದ್ರಮೌಳಿ ಉಳಿದ ಮೂರು ಗಾಲಿಗಳಿಂದ ಒಂದೊಂದು ನಟ್ಟು ಬಿಚ್ಚಿ ಇದಕ್ಕೆ ಹಾಕಿದ. ನೀರಿನ ಕೆಲಸದವನಾದ್ದರಿಂದ ಅವನ ಚೀಲದಲ್ಲಿ ಪಾನಾ ಇತ್ತು. ಎಲ್ಲರೂ ಮೊದಲಿನ ಜಾಗಗಳಲ್ಲೇ ಕೂತೆವು. ಗಾಲಿ ಬಿದ್ದದ್ದು ಸದ್ದಿನ ಲೆಕ್ಕಕ್ಕೆ ಬರುವುದಿಲ್ಲ, ಮನೆಯವರೆಗೆ ಸುಮ್ಮನೆ ಹೋದರೆ ಶಾಸ್ತ್ರ ಗೆದ್ದ ಹಾಗೆಯೇ ಎಂದು ಸರ್ವಮಂಗಳಮ್ಮ ದೊಡ್ಡ ಮನಸ್ಸು ಮಾಡಿದರು. ಎಣ್ಣೆಯ ಮಾತು ಅವರಿಗೆ ಹಿಡಿಸಿತ್ತೆಂದು ಕಾಣುತ್ತದೆ.

ಕಾರು ಹೊರಟು ಸ್ವಲ್ಪ ದೂರ ಹೋಗಿರಬೇಕು. ಅಲ್ಲಿಯವರೆಗೆ ಯಾರೂ ಕೇಳಿರದ ಒಂದು ಸದ್ದು ಹಿಂದಿನ ಎಡಗಡೆಯಿಂದ ಎದ್ದಿತು. ಲಟಕ್ ಅಲ್ಲ, ಕೊರ್ ಅಲ್ಲ. ಹಾಲು ಉಕ್ಕುವ ಮೊದಲು ಪಾತ್ರೆಯೊಳಗಿಂದ ಬರುತ್ತದಲ್ಲ, ಆ ಥರ ಸಣ್ಣಗೆ ಶುರುವಾಗಿ ಏರುತ್ತಲೇ ಹೋಯಿತು. ದಾರಿಯ ಪಕ್ಕದ ನಾಯಿ ಎದ್ದು ಕೂತಿತು. ಅಂಗಡಿ ಬೀದಿಯವರು ತಕ್ಕಡಿ ಹಿಡಿದುಕೊಂಡೇ ಹೊರಗೆ ಬಂದರು.

"ಹಿಂದಿನ ಎಡಗಾಲಿ" ಎಂದ ಕೆಂಚಪ್ಪ. "ಹುಡುಗೀದು ಇನ್ನೂ ಬಾಕಿ ಇದೆ."

ನನಗೆ ಸಾಕಾಗಿತ್ತು. "ಕಿವಿಯವರೇ, ಅದು ಸ್ಟೆಪ್ನಿ" ಎಂದೆ. "ಸ್ಟೆಪ್ನಿ ಯಾರದು? ನಡುವೆ ಕೂತಿರೋದು ಯಾರು?"

ಅಪ್ಪ ಕನ್ನಡಿಯಲ್ಲಿ ನೋಡಿದ. ಸರ್ವಮಂಗಳಮ್ಮ ಪೂರ್ತಿ ತಿರುಗಿ ಕೂತರು. ಕೆಂಚಪ್ಪನ ಬಿಳಿ ಅಂಗಿ ಬೆವರಿನಲ್ಲಿ ಅಂಟಿಕೊಳ್ಳತೊಡಗಿತು. ಊರಿನ ಅರ್ಧ ಸಂಬಂಧಗಳನ್ನು ಮುರಿದ ಮನುಷ್ಯ ತನ್ನ ಎರಡು ಕೈಗಳನ್ನೂ ನೋಡಿಕೊಂಡ.

"ಎಡಗಿವಿ ಕೇಳ್ಸಲ್ಲ ಸ್ವಾಮೀ" ಎಂದ, ಬಹಳ ಸಣ್ಣ ಧ್ವನಿಯಲ್ಲಿ. "ಕೇಳೋದು ನಿಂತು ಎಷ್ಟೋ ವರ್ಷ ಆಯ್ತು. ಎಡಗಡೆ ಗಾಲಿಗಳ್ದೆಲ್ಲ ಅಂದಾಜು."

ಶಾಸ್ತ್ರದ ಪ್ರಕಾರ ಹುಡುಗಿ ಕೂರುವುದು ಯಾವಾಗಲೂ ಎಡಗಡೆ. ತಟ್ಟೆ ಒಳಗೆ ತೆಗೆದುಕೊಂಡು ಹೋದ ತಾಯಂದಿರೆಲ್ಲ ನನ್ನ ಕಣ್ಣ ಮುಂದೆ ಬಂದರು. ನಿದ್ದೆ ಬಂದಿತ್ತೆಂದು ಒಪ್ಪಿಕೊಂಡ ನಾನೂ ಬಂದೆ. ಅವನನ್ನು ಬೈಯಬೇಕೆಂದು ಬಾಯಿ ತೆರೆದವಳು ನಿಲ್ಲಿಸಿದೆ. ಯಾಕೆಂದರೆ ಕೆಂಚಪ್ಪ ಹೇಳಿದ ಮೇಲೆ ಆ ಸದ್ದು ಕೂದಲೆಳೆಯಷ್ಟು ತಗ್ಗಿತು, ಅಷ್ಟೇ. ಮತ್ತೆ ಮೊದಲಿನಂತೆ ಏರಿತು.

"ಇನ್ನೂ ಏನ್ ಇಟ್ಕೊಂಡಿದೀಯಯ್ಯಾ?" ಎಂದ ಅಪ್ಪ.

"ಇಲ್ಲ ಯಜಮಾನ್ರೇ, ದೇವ್ರಾಣೆ ನಂದು ಮುಗೀತು. ನಾನು ಈ ಕಾರಲ್ಲಿ ಕೂತಿರೋದೇ ಮೂರು ಸಲ."

ಅಪ್ಪ ಏನೋ ಹೇಳಲು ಹೋಗಿ ನಿಂತ. ಅಪ್ಪ ಮಾತು ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕನ್ನಡಿಯಲ್ಲಿ ಅವನ ಕಣ್ಣುಗಳು ಕೆಂಚಪ್ಪ ಕೂತಿದ್ದ ಜಾಗವನ್ನು ನೋಡುತ್ತಿದ್ದವು. ನಾನೂ ಆ ಜಾಗ ನೋಡಿದೆ. ಕವರಿಗೆ ಅಲ್ಲಿ ನಾನೇ ಹಾಕಿದ್ದ ತೇಪೆಗಳಿದ್ದವು, ಒಂದರ ಮೇಲೊಂದು. ಅಮ್ಮನ ಪಕ್ಕದಲ್ಲೇ ಕಿಟಕಿಗೆ ಮುಖ ಮಾಡಿ ಇಷ್ಟು ವರ್ಷ ಹರಟಿದವಳು ನಾನೇ ಅಲ್ಲವೇ?

ನಮ್ಮ ಬೀದಿಯ ತುದಿಗೆ ಬಂದಾಗ ಸದ್ದು ಎಷ್ಟಿತ್ತೆಂದರೆ ಜನ ಬಾಗಿಲಿಗೆ ಬಂದು ನಿಂತಿದ್ದರು. ಅಮ್ಮ ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕಾರು ನಿಂತಿತು, ಸದ್ದು ನಿಂತಿತು. ಅಮ್ಮ ಸೋತ ಮುಖ ಮಾಡಿಕೊಂಡು ತಟ್ಟೆಯೊಂದಿಗೆ ಒಳಗೆ ತಿರುಗಿದವಳು, ಹಿಂದಿನ ಗಾಲಿಯ ಕುಂಕುಮ ಕಂಡು ಅಲ್ಲೇ ನಿಂತಳು.

ಅಪ್ಪ ಇಳಿದ. "ಏನೇ ಇದು, ದಾಕ್ಷಾಯಿಣಿ?" ಎಂದ. ಗದರಿಸುವ ಧ್ವನಿಯೇ, ಆದರೆ ನಡುವೆ ಸೀಳು ಬಿಟ್ಟಿತ್ತು. "ಇಷ್ಟೊಂದು ಏನಿದೆ ನಿಂಗೆ ಹೇಳೋಕೆ?"

ಅಮ್ಮ ಗಾಲಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಗೇಟಲ್ಲಿ ನಿಂತು ಹೇಳೋವಷ್ಟಲ್ಲ" ಎಂದಳು. "ಪೆಟ್ರೋಲ್ ಇದೆಯಾ?"

"ಇದೆ."

ಅಮ್ಮ ಆರತಿ ತಟ್ಟೆಯನ್ನು ಸರ್ವಮಂಗಳಮ್ಮನವರ ಕೈಗೆ ಕೊಟ್ಟಳು. ಕೆಂಚಪ್ಪ ಹಿಂದಿನ ಸೀಟಿನಿಂದ ತೆವಳಿ ಇಳಿದು, ಯಾರಿಗೂ ಹೇಳದೆ ಬೀದಿಯ ಬಲಬದಿ ಹಿಡಿದು ಹೊರಟುಹೋದ. ಅಮ್ಮ ಮುಂದಿನ ಬಾಗಿಲು ತೆಗೆದು, ಸೀರೆ ಸರಿಮಾಡಿಕೊಂಡು, ಅಜ್ಜಿಯ ಜಾಗದಲ್ಲಿ ಕೂತಳು. "ಹೊರಡಿ" ಎಂದಳು. ಅಪ್ಪ ಹೊರಟ. ಸದ್ದು ಬೀದಿ ದಾಟಿ ಕೆರೆಯ ಕಡೆಗೆ ಹೋಯಿತು.

ಗೇಟಿನಲ್ಲಿ ನಾವು ಮೂವರು ಉಳಿದೆವು. ತಟ್ಟೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಸರ್ವಮಂಗಳಮ್ಮ ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡಮ್ಮ. ನಿಂದಂತೂ ಏನೂ ಬಾಕಿ ಇಲ್ಲ. ನಮ್ಮನೆಗೆ ಬಂದ್ಮೇಲೆ ಹಿಂದೆ ನಡುವೆ ಕೂತ್ಕೊಂಬಿಡು. ಸದ್ದೇ ಇರಲ್ಲ, ನೆಮ್ಮದಿ." ಮನಸ್ಸಿನಲ್ಲಿ ಕೆಟ್ಟದ್ದಿಲ್ಲದೆ, ಪ್ರೀತಿಯಿಂದ ಹೇಳಿದರು. ಅಜ್ಜಿಯೂ ಹೀಗೆಯೇ ಪ್ರೀತಿಯಿಂದ ಹೇಳಿರಬೇಕು.

ನಾನು ಚಂದ್ರಮೌಳಿಯ ಕಡೆ ತಿರುಗಿದೆ. "ನಿಮ್ಮನೆ ಕಾರಲ್ಲಿ ಈಗ ನಡುವೆ ಯಾರು ಕೂರ್ತಾರೆ?"

ಅವನು ಎಂದಿನಂತೆ ಯೋಚಿಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯ ಸಲಕ್ಕೆ ಸುಮ್ಮನಾಗುತ್ತಾನೆ ಎಂದುಕೊಂಡೆ.

"ನಾನೇ" ಎಂದ. "ಅಮ್ಮ ಮುಂದೆ. ಅಕ್ಕಂದಿರಿಬ್ರಿಗೂ ಕಿಟಕಿ ಬೇಕು."

ಸರ್ವಮಂಗಳಮ್ಮ ತಟ್ಟೆ ಹಿಡಿದುಕೊಂಡೇ ಮಗನ ಕಡೆ ತಿರುಗಿದರು. ನನಗೆ ನಗು ಬಂತು, ಅಳುವೂ ಬಂತು. "ನಾನು ನಿಮ್ಮನ್ನ ಮದ್ವೆ ಆಗ್ತೀನಿ" ಎಂದೆ. "ಆದ್ರೆ ಮೊದ್ಲು ನಿಮ್ಮ ಸ್ಟೆಪ್ನಿ ಹಾಕ್ಕೊಂಡು ಒಂದು ಸುತ್ತು ಹೋಗ್ಬೇಕು. ನೀವು ಓಡ್ಸಿ, ನಾನು ಪಕ್ಕದಲ್ಲಿ ಕೂತು ಕೇಳ್ತೀನಿ." ಅವನು ತಲೆ ಆಡಿಸಿದ. ಆಮೇಲೆ, ಇದನ್ನೂ ನುಂಗಬಾರದು ಎಂದು ನೆನಪಾಯಿತೇನೋ, "ಆಗ್ಲಿ" ಎಂದು ಜೋರಾಗಿಯೇ ಹೇಳಿದ.

ಬೀದಿಯ ತುದಿಯಲ್ಲಿ ನಮ್ಮ ಕಾರು ಕಾಣಿಸಿತು. ಗಾಲಿಯ ಸದ್ದು ಇತ್ತು, ಆದರೆ ತಗ್ಗಿತ್ತು. ಅದರ ಮೇಲೆ ಇನ್ನೊಂದು ಸದ್ದು ಕೇಳುತ್ತಿತ್ತು, ಅಮ್ಮನ ಧ್ವನಿ. ಅಷ್ಟು ಎತ್ತರದ ಧ್ವನಿ ಅವಳಿಗಿದೆ ಎಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರ್ವಮಂಗಳಮ್ಮ ಆರತಿ ತಟ್ಟೆ ಎತ್ತಿ ಹಿಡಿದು ಮುಂದೆ ಬಂದರು. ಅಪ್ಪ ಎರಡೂ ಕೈಗಳಲ್ಲಿ ಸ್ಟೀರಿಂಗ್ ಹಿಡಿದು, ಕಣ್ಣು ರಸ್ತೆಯ ಮೇಲಿಟ್ಟು, ಹೂಂ ಹೂಂ ಎನ್ನುತ್ತಿದ್ದ. ಗೇಟಿನ ಹತ್ತಿರ ಬಂದಾಗ ಕಾರಿನ ವೇಗ ತಗ್ಗಿತು. ಅಮ್ಮ ನಮ್ಮ ಕಡೆ ತಿರುಗಿಯೂ ನೋಡದೆ, ಮಾತು ನಿಲ್ಲಿಸದೆ, ಮುಂದೆ ಹೋಗಿ ಎಂದು ಕೈ ತೋರಿಸಿದಳು. ಅಪ್ಪ ಗೇಟು ದಾಟಿಸಿಕೊಂಡು ಮತ್ತೊಂದು ಸುತ್ತಿಗೆ ಹೋದ.